ತುತ್ತು ಇಳಿಯುವವರೆಗೆ

ಕಾಲುವೆಯ ನೀರಾದರೂ ಬೇಸಿಗೆಯಲ್ಲಿ ನಿಲ್ಲುತ್ತದೆ, ಕಂಪ್ಲಿ ಕಡೆಯ ಶಾಲೆಯೊಂದರಲ್ಲಿ ಉಪ್ಪಿಟ್ಟು ಬೇಯಿಸುವ ಸುಂಕಮ್ಮನ ಬಾಯಿ ನಿಲ್ಲದು. ಅವಳು ಮಾತು ತೆಗೆದರೆ ರೈಸ್ ಮಿಲ್ಲಿನವರು ಕರೆಂಟು ಬಂದು ಮಿಲ್ಲು ಶುರುವಾಯಿತೆಂದು ಎದ್ದು ಕೂರುತ್ತಾರೆ. "ಸರ, ನೀವು ಎರಡು ಸೌಟು ಉಂಡ್ರ ಮಧ್ಯಾಹ್ನ ಸಾಲಿನೇ ಗೊರಕಿ ಹೊಡಿತೈತ್ರಿ" ಎಂದರೆ ಹೆಡ್‌ಮೇಷ್ಟ್ರೂ ನಗಬೇಕು. ಒಂದನೇ ತರಗತಿಯ ಪಂಪಮ್ಮನಿಗೆ ಮಾತ್ರ ನುಂಗುವುದೇ ಕಷ್ಟ. "ಉಣ್ಣಾಕ ಬರಲಿಲ್ಲಂದ್ರ ಸಾಲಿ ಬ್ಯಾಡ" ಎಂದಿದ್ದಾನೆ ಅವಳ ಅಪ್ಪ. ಅದಕ್ಕೇ ಸುಂಕಮ್ಮ ಅವಳ ಪಾಲನ್ನು ನುಣ್ಣಗೆ ಅರೆದು, ನೆಟ್ಟಗೆ ಕೂರಿಸಿ, ಅರ್ಧರ್ಧ ಚಮಚ ಉಣಿಸುತ್ತಾಳೆ. ಮೊದಲಿನದು ಇಳಿಯುವವರೆಗೆ ಎರಡನೆಯದು ಏಳದು. ಒಮ್ಮೆ ಅವಳ ತಮಾಷೆಗೆ ಹುಡುಗಿ ನಕ್ಕು, ತುತ್ತು ಸಿಕ್ಕಿಕೊಂಡು, ಮುಖ ನೀಲಿಯಾಗಿತ್ತು. ಅಂದಿನಿಂದ ಉಣಿಸುವ ಆ ಅರ್ಧ ಗಂಟೆ ಸುಂಕಮ್ಮ ಮಾತಾಡುವುದಿಲ್ಲ. ಹುಡುಗಿಯ ಗಂಟಲನ್ನೇ ನೋಡುತ್ತ, ಅವಳೊಂದಿಗೆ ತಾನೂ ಬರೀ ಉಗುಳು ನುಂಗುತ್ತ ಕೂರುತ್ತಾಳೆ.