ಗಾಲಿಯಿಲ್ಲದ ಗಾಡಿಗೆ ಲಿಂಬೆಹಣ್ಣು

ಬೈಲಹೊಂಗಲದಿಂದ ಮುಂಜಾನೆಯ ಬಸ್ಸಿಗೆ ಹೊರಟಾಗ ಚೀಲದಲ್ಲಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ಮತ್ತು ನಾನೇ ಬಿಡಿಸಿದ ಒಂದು ಗಾಡಿಯ ನಕ್ಷೆ ಇದ್ದವು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವತ್ತು ಸವದತ್ತಿಯಲ್ಲಿ ಮಾತ್ರ ಅಷ್ಟು ಓದಿಯೂ ಬಾಯಿ ಮುಚ್ಚಿಕೊಂಡು ನಿಂತೆ. ಸಿಟ್ಟಿನ ಅರ್ಧ ಪಾಲು ನನ್ನ ಮೇಲೆಯೇ.

ಗಾಡಿ ಕಟ್ಟಿದವರು ನನ್ನ ಸೋದರಮಾವ ಮಾರುತಿ. ಏಳನೆಯ ತರಗತಿಗೇ ಶಾಲೆ ಬಿಟ್ಟವರು, ಕಟಕೋಳದಲ್ಲಿ ವೆಲ್ಡಿಂಗ್ ಅಂಗಡಿ. ಹಿಮದ ಮೇಲೆ ಓಡುವ ಇಂಥ ಗಾಡಿಯ ವಿಡಿಯೊ ತೋರಿಸಿದವನು ನಾನು. ಇದಕ್ಕೆ ಗಾಲಿಯಿಲ್ಲ. ಎರಡೂ ಬದಿಗೆ ಉದ್ದನೆಯ ಪೊಳ್ಳು ಡ್ರಮ್ಮು, ಅದರ ಸುತ್ತ ಸ್ಕ್ರೂವಿನ ಹಾಗೆ ಸುರುಳಿಯಾಗಿ ಬೆಸೆದ ಕಬ್ಬಿಣದ ಪಟ್ಟಿ. ಡ್ರಮ್ಮುಗಳು ತಿರುಗಿದರೆ ಪಟ್ಟಿ ಕೆಸರು ಕೊರೆದು ಗಾಡಿಯನ್ನು ಮುಂದೆ ನೂಕುತ್ತದೆ. ನೀರು ಬಂದರೆ ತೇಲುತ್ತದೆ. ಮುನವಳ್ಳಿಯ ಹತ್ತಿರ ಹಿನ್ನೀರು ಸರಿದು ಉಳಿದ ಕೆಸರಿನಾಚೆ, ದಿಬ್ಬದ ಮೇಲೆ, ಗಂಗವ್ವ ಎಂಬ ರೈತ ಹೆಣ್ಣುಮಗಳ ಕಡಲೆ ಚೀಲಗಳಿದ್ದವು. ಚಕ್ಕಡಿ ಹೋದರೆ ಹೂತುಹೋಗುತ್ತಿತ್ತು. ಮಳೆ ಬರುವ ಮೊದಲು ಅವನ್ನು ಈಚೆಗೆ ತರುವುದೇ ಅವತ್ತಿನ ಕೆಲಸ.

ಸವದತ್ತಿಯಲ್ಲಿ ಇಳಿದಾಗ ಪಡುವಣಕ್ಕೆ ಮೋಡ ಕಟ್ಟುತ್ತಿತ್ತು. ಗಾಡಿಯನ್ನು ಟ್ರೇಲರಿನಲ್ಲಿ ಹೇರಿಕೊಂಡು ಬಂದ ಮಾಮಾ, ಗಾಡಿಗೆ ಸಹಾಯಧನ ಕೊಟ್ಟ ಸರಕಾರಿ ಕಚೇರಿಯ ಅಂಗಳದಲ್ಲಿ ನಿಂತಿದ್ದರು. ಅಲ್ಲಿನ ಸಾಹೇಬರಿಗೆ ಪೂಜೆ ಮಾಡಿಸಿ ಫೋಟೊ ತೆಗೆಸಿಕೊಳ್ಳಬೇಕಿತ್ತಂತೆ.

“ಮುನವಳ್ಳಿಗೇ ಬರ್ರಿ ಸಾಹೇಬ್ರ, ಅಲ್ಲೇ ಪೂಜಿ ಮಾಡೂಣು,” ಎಂದರು ಮಾಮಾ.

“ಆ ರಾಡಿಯೊಳಗ ಯಾರು ಬರ್ತಾರೋ? ಇಲ್ಲೇ ಇಳಸು. ಲಿಂಬಿಹಣ್ಣಿನ ಮ್ಯಾಲ ಹಾಯಿಸು, ಮುಗೀತು.”

ಸಾಹೇಬರಿಗೆ ನನ್ನಷ್ಟೇ ವಯಸ್ಸು. ಮಾಮಾನ ತಲೆ ಪೂರ್ತಿ ಬೆಳ್ಳಗಾಗಿದೆ.

ಹೊಸ ಗಾಡಿಯ ಗಾಲಿಯಡಿ ಲಿಂಬೆಹಣ್ಣು ಇಟ್ಟು ಹಾಯಿಸುವುದು ನಮ್ಮ ಕಡೆಯ ಪದ್ಧತಿ. ಪೂಜಾರಿ ಎರಡು ಹಣ್ಣು ಹಿಡಿದು ಗಾಡಿಯನ್ನು ಸುತ್ತು ಹಾಕಿದ. “ಗಾಲೀನ ಇಲ್ಲಲ್ರೀ ಇದಕ್ಕ! ಎಲ್ಲಿ ಇಡ್ಲಿ?” ಎಲ್ಲರೂ ನಕ್ಕರು. ಕೊನೆಗೆ ಎರಡೂ ಡ್ರಮ್ಮುಗಳ ಮುಂದೆ ಒಂದೊಂದು ಇಟ್ಟ. ಅಂಗಳದ ಕಾಂಕ್ರೀಟನ್ನು ಪಟ್ಟಿ ಕೊರೆಯಲಾರದು, ಗಾಡಿ ಅಡ್ಡ ಜಾರುತ್ತದೆ ಎಂದು ನನಗೆ ಗೊತ್ತಿತ್ತು. ನಕ್ಷೆ ಕೈಯಲ್ಲೇ ಇತ್ತು. ಸುಮ್ಮನಿದ್ದೆ.

ಮಾಮಾ ಎಂಜಿನ್ ಚಾಲೂ ಮಾಡಿದರು. ಗಾಡಿ ಏಡಿಯ ಹಾಗೆ ಅಡ್ಡ ಸರಿಯಿತು. ಹಣ್ಣು ಮುಟ್ಟಲೇ ಇಲ್ಲ, ಹೋಗಿ ಮೆಟ್ಟಿಲಿಗೆ ಬಡಿಯಿತು. ಎಡಗಡೆಯ ಪಟ್ಟಿ ಮೊಳದುದ್ದ ಮಡಚಿತು.

“ಏನೋ ಮಾರುತಿ, ಕುಡದು ಬಂದೈತೇನೋ ನಿನ್ನ ಗಾಡಿ?” ಎಂದರು ಸಾಹೇಬರು.

ಆಗ ನನಗೆ ತಡೆಯಲಾಗಲಿಲ್ಲ. “ಕೆಸರಿನ ಗಾಡೀನ ಕಾಂಕ್ರೀಟಿನ ಮ್ಯಾಲ ಹೊಡಸಿದವ್ರು ನೀವ್ರಿ. ನಿಮ್ಮ ಬೂಟಿಗೆ ರಾಡಿ ಹತ್ತಬಾರ್ದಂತ!”

“ನೀ ಯಾರೋ?”

“ಇದರ ನಕ್ಷಾ ತಗದಾಂವ. ಬಿ.ಇ. ಮೆಕ್ಯಾನಿಕಲ್.”

ಸಾಹೇಬರು ಒಳಗೆ ಹೋದರು. ಮಾಮಾ ನನ್ನ ಅಂಗಿ ಜಗ್ಗಿದರು. “ಪಟ್ಟಿ ಮಡಚೂಕಿಂತ ಮೊದಲ ಅನ್ನಬೇಕಿತ್ತಪಾ ಇದನ್ನ,” ಅಂದರು, ಅಷ್ಟೇ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಮುನವಳ್ಳಿಯ ದಂಡೆಗೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಗಂಗವ್ವ ಕೆಸರಿನಂಚಿನಲ್ಲೇ ಕುಂತಿದ್ದಳು. “ಎಷ್ಟೊತ್ತೋ ಯಣ್ಣಾ? ಮೋಡ ನೋಡು!” ಎಂದವಳು ಡ್ರಮ್ಮು ನೋಡಿ, “ಇದೇನ್ ಗಾಡಿನೋ, ಶ್ಯಾವಿಗಿ ಒತ್ತೂದೋ?” ಅಂದಳು. ಸುತ್ತಿಗೆಯಿಂದ ಪಟ್ಟಿ ಬಡಿದು ನೆಟ್ಟಗೆ ಮಾಡಲು ಒಂದು ತಾಸು ಹಿಡಿಯಿತು. ರೊಟ್ಟಿ ಬಿಚ್ಚಲಿಲ್ಲ.

ಗಾಡಿ ಕೆಸರಿಗೆ ಇಳಿದ ಕೂಡಲೇ ಎಳೆಯಿತು, ನಕ್ಷೆಯಲ್ಲಿ ಬರೆದ ಹಾಗೆಯೇ. ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಮಾಮಾ ತಿದ್ದುತ್ತಾ ನಡೆಸಿದರು. ಮೊದಲ ಸಲ ಗಂಗವ್ವ ಗಾಡಿಯಲ್ಲೇ ದಿಬ್ಬಕ್ಕೆ ಹೋಗಿ, ಚೀಲಗಳ ಮೇಲೆ ಕುಂತು ಬಂದಳು. ಎರಡನೆಯ ಹೇರೂ ಬಂತು. ಮೂರನೆಯ ಸಲ ಹೋದಾಗ ಮಳೆ ಬಿತ್ತು. ಕೊನೆಯ ಮೂರು ಚೀಲ ದಿಬ್ಬದ ಮೇಲೆಯೇ ತೊಯ್ದವು.

“ಇರ್ಲಿ ತಮ್ಮಾ, ಉಳದದ್ದು ಬಂತಲ್ಲ,” ಎಂದಳು ಗಂಗವ್ವ. ಇರಲಿ ಎನ್ನಲು ನನ್ನಿಂದ ಆಗಲಿಲ್ಲ. ಒಂದು ತಾಸು ಮೊದಲು ಬಂದಿದ್ದರೆ ಆ ಮೂರೂ ತೊಯ್ಯದೇ ಬರುತ್ತಿದ್ದವು.

ಸಂಜೆ ಸವದತ್ತಿಯಲ್ಲಿ ಬೈಲಹೊಂಗಲದ ಬಸ್ಸಿಗೆ ಕಾಯುವಾಗ ಆ ಅಂಗಳಕ್ಕೆ ಹೋದೆ. ಕಚೇರಿಗೆ ಬೀಗ ಬಿದ್ದಿತ್ತು. ಕಾಂಕ್ರೀಟಿನ ಮೇಲೆ ಗಾಡಿಯ ಅಡ್ಡ ಗೀರುಗಳು ಮಳೆಯಲ್ಲಿ ತೊಳೆದು ಬೆಳ್ಳಗೆ ಕಾಣುತ್ತಿದ್ದವು. ಎರಡೂ ಲಿಂಬೆಹಣ್ಣು ಇಟ್ಟ ಜಾಗದಲ್ಲೇ ಇದ್ದವು, ಒಂದಕ್ಕೂ ಏನೂ ಆಗಿರಲಿಲ್ಲ.