ಮರಳಿಲ್ಲದ ಬಾಣಲೆ

ನಮ್ಮ ಸಾತನೂರಿನ ಹೆಂಗಸೊಬ್ಬಳಿಗೆ ಕಂಪನಿಯವರು ಹೆಸರು ತಂದುಕೊಟ್ಟರು ಅಂತ ಎಲ್ಲರೂ ಹೇಳುತ್ತಾರೆ. ಆಯ್ತು, ವಾದಕ್ಕೆ ಒಪ್ಪೋಣ. ಹಾಗಾದರೆ ಅವಳಿಗೆ ಮೊದಲೇ ಇದ್ದ ಹೆಸರು ಎಲ್ಲಿಗೆ ಹೋಯಿತು?

ಹೋದ ವಾರ ರಾಮನಗರದಲ್ಲಿ ಚರ್ಚಾಸ್ಪರ್ಧೆ ಗೆದ್ದೆ. ಬಹುಮಾನದ ಚೀಲದಲ್ಲಿ ಪ್ರಾಯೋಜಕರಾದ ಅದೇ ಕಂಪನಿಯ ರಾಗಿ ಹುರಿಹಿಟ್ಟಿನ ಪೊಟ್ಟಣವಿತ್ತು, ಅದರ ಮೇಲೆ ಅವಳ ನಗುಮುಖ. ಮನೆಗೆ ಬಂದು ಒಡೆದೆ. ಮೇಲೆ ಏಲಕ್ಕಿಯ ಘಮ, ಕೆಳಗೆ ಹಸಿ ರಾಗಿ ವಾಸನೆ. ಅವಳ ಹಿತ್ತಲಿನ ಆ ವಾಸನೆಯೇ ಬೇರೆ...

ಅವಳು ನಮ್ಮ ಪಕ್ಕದ ಮನೆಯವಳು, ನಂಟಲ್ಲದಿದ್ದರೂ ನಮಗೆಲ್ಲ ದೊಡ್ಡಮ್ಮ. ಮಹಾ ಜಂಬಗಾತಿ, ಜಗಳಗಂಟಿ. ರಾಗಿಗೆ ಮಜ್ಜಿಗೆ ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಬೆಳಗ್ಗೆ ಕೆಂಡದಂತೆ ಕಾದ ಮರಳಿಗೆ ಸುರಿಯುತ್ತಿದ್ದಳು. ಕಾಳು ಬೆಳ್ಳಗೆ ಅರಳುತ್ತಿತ್ತು. ಮರಳನ್ನು ಜರಡಿ ಹಿಡಿದು ತೆಗೆದು, ಅರಳನ್ನು ಬೀಸಿದರೆ ಹುರಿಹಿಟ್ಟು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಅವಳ ಹಿಟ್ಟೇ ಆಗಬೇಕು. "ಕಬ್ಬಾಳಮ್ಮನ ಗುಡಿ ಮುಂದೆ ಬೇಕಾದ್ರೂ ಆಣೆ ಮಾಡಿ ಏಳ್ತೀನಿ, ನನ್ನಂಗೆ ಅರಳ್ಸೋರು ಈ ತಾಲ್ಲೂಕ್ನಾಗೇ ಇಲ್ಲ" ಅನ್ನುತ್ತಿದ್ದಳು.

ಕಂಪನಿಯ ಪ್ರಚಾರ ನೋಡಿಕೊಳ್ಳುವ ಮ್ಯಾನೇಜರ್ ಜಾಹೀರಾತಿನ ವಿಡಿಯೊ ತೆಗೆಯಲು ಕ್ಯಾಮೆರಾದವರ ಜೊತೆ ಬಂದಾಗ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ನಾನು ಅಲ್ಲೇ ನಿಂತಿದ್ದೆ.

"ಮರಳು ತೆಗೀರಿ ಅಮ್ಮ. ನೋಡಿದವರು ಅಸಹ್ಯ ಪಡ್ತಾರೆ" ಅಂದರು ಅವರು.

"ಮರಳಿಲ್ದೆ ಅರಳಕಿಲ್ಲ ಕಣಪ್ಪ, ಸೀಯ್ತದೆ."

"ಸೀದರೆ ಸೀಯಲಿ, ನಮಗೆ ನಿಮ್ಮ ನಗು ಸಾಕು."

ಯಾರ ಮಾತೂ ಕೇಳದ ದೊಡ್ಡಮ್ಮ ಅಂದು ಕೇಳಿದಳು. ಬರಿ ಬಾಣಲೆಯಲ್ಲಿ ಕೆಂಪು ರಾಗಿ ತಿರುವುತ್ತಾ ನಕ್ಕಳು.

ವಿಡಿಯೊ ಊರವರ ಮೊಬೈಲಿಗೆಲ್ಲ ಬಂತು. ಪೇಟೆಯವರಿಗೆ ಏನೂ ಗೊತ್ತಾಗಲಿಲ್ಲ. ಆದರೆ ಸಾತನೂರಿಗೆ ಕಣ್ಣಿಲ್ಲವೇ? ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಬ್ಬ, ಆ ದಾರಿಯಲ್ಲಿ ಹೋಗುತ್ತಿದ್ದ ಅವಳಿಗೆ ಕೇಳಲೆಂದೇ, "ಬರಿ ಬಾಣ್ಲೇಲಿ ಉರೀತಾವ್ಳೆ ನೋಡ್ಲಾ! ಇಷ್ಟ್ ದಿನ ಯಾರ್ ಕೈಲಿ ಉರಿಸ್ಕೊಂಡು ಮಾರ್ತಿದ್ಲೋ?" ಅಂದ. ಎಲ್ಲರೂ ನಕ್ಕರು.

ಕಂಪನಿಯವರು ಹೇಳಿದ ಹಾಗೆ ಮಾಡಿದೆ ಅಂತ ದೊಡ್ಡಮ್ಮ ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಇನ್ನೊಬ್ಬರ ಮಾತಿಗೆ ತಲೆಬಾಗಿದೆ ಅಂತ ಒಪ್ಪಿಕೊಳ್ಳುವುದು ಅವಳಿಗೆ ಆ ನಗುವಿಗಿಂತ ದೊಡ್ಡ ಅವಮಾನ. ನಾನು ಊರವರಿಗೆ ನಿಜ ಹೇಳಹೋದರೆ, "ಬಾಯ್ಮುಚ್ಕೊಂಡು ಓದ್ಕೋ ಓಗವ್ವ" ಅಂತ ಗದರಿದಳು. ಮರಳನ್ನು ಬೇಲಿಯಾಚೆ ಸುರಿದಳು. ಮತ್ತೆ ಆ ಒಲೆ ಉರಿಯಲಿಲ್ಲ... ಪೊಟ್ಟಣದ ಮೇಲಿನ ನಗು ಮಾತ್ರ ಊರೂರು ಸುತ್ತಿತು. ಅವಳು ಸತ್ತಾಗ ಕಂಪನಿ ಅದೇ ವಿಡಿಯೊಗೆ ಕೊಳಲಿನ ಸಂಗೀತ ಸೇರಿಸಿ "ನಮ್ಮ ಅಜ್ಜಿಗೆ ನಮನ" ಅಂತ ಹಾಕಿತು. ಮಣ್ಣಿಗೆ ಅವರ ಕಡೆಯ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ಬಹುಮಾನ ಕೊಟ್ಟವರು ಅದೇ ಮ್ಯಾನೇಜರ್. ನನ್ನ ಗುರುತು ಅವರಿಗೆ ಸಿಗಲಿಲ್ಲ. ಪೊಟ್ಟಣ ನನ್ನ ಕೈಗಿಟ್ಟು ಫೋಟೊ ತೆಗೆಸಿದರು. ನಿನ್ನೆ ಮೆಸೇಜು ಬಂತು, ಫೋಟೊ ಜೊತೆ ಹಾಕಲು ಹುರಿಹಿಟ್ಟಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕಂತೆ.

ಬರೆದಿದ್ದೇನೆ ಸಾರ್, ಇಗೋ. ನನ್ನ ಫೋಟೊ ಜೊತೆಗೇ ಹಾಕಿಕೊಳ್ಳಿ, ಸಾತನೂರಿನವರೂ ಓದಲಿ. ದೊಡ್ಡಮ್ಮ ಇದನ್ನು ಓದಲಾರಳು, ಅದೊಂದೇ ನನ್ನ ಸೋಲು. ಅವಳು ಕೊನೆಯವರೆಗೂ ಕೇಳದೇ ನುಂಗಿಕೊಂಡದ್ದನ್ನು ನಾನು ಕೇಳುತ್ತೇನೆ: ಆ ದಿನ ನಿಮ್ಮ ಬಾಣಲೆಯಲ್ಲಿ ಒಂದು ಕಾಳಾದರೂ ಅರಳಿತ್ತಾ?