ಕೆಲಸ ಬಿಟ್ಟೆ, ಚಾವಿ ಕೊಡಲಿಲ್ಲ

"ಬ್ರೇಕ್ ಹಿಡೀದಿದ್ರೆ ಗೇರ್ ಮೇಲೆ ಇಳಿಸು. ಆಗೂದಿಲ್ಲಾದ್ರೆ ಚಾವಿ ಇಟ್ಟು ಮನೆಗೆ ಹೋಗು" ಎಂದರು ಸಾಹುಕಾರರು. ಅರವತ್ತರ ದಶಕದ ಮೊದಲಲ್ಲಿ, ಯಲ್ಲಾಪುರದಲ್ಲಿ ಅವರ ನಾಟಾ ಲಾರಿಗೆ ನಾನು ಡ್ರೈವರ್. ಅರಬೈಲು ಘಟ್ಟ ಇಳಿಯಬೇಕಿದ್ದ ಲಾರಿಯ ದಿಮ್ಮಿಗಳ ಮೇಲೆ ಆಗಲೇ ಕೂಲಿಯವರು ಹತ್ತಿ ಕುಳಿತಿದ್ದರು. ನನ್ನ ಹೆಂಡತಿ ತುಂಬು ಬಸುರಿ. ನನಗೆ ಬೇರೆ ದುಡಿಮೆ ಇರಲಿಲ್ಲ.

ನಾನು ಹೋದರೆ ಇನ್ನೊಬ್ಬ ಡ್ರೈವರ್ ಬರುತ್ತಾನೆ, ಅದೇ ಲಾರಿ ಘಟ್ಟ ಇಳಿಯುತ್ತದೆ ಎಂದು ಹೊಳೆಯಿತು. ಚಾವಿಯನ್ನು ಜೇಬಿಗೆ ಹಾಕಿಕೊಂಡೆ.

"ಕೆಲಸ ಈಗಲೇ ಬಿಟ್ಟೆ, ಸಾವ್ಕಾರ್ರೆ. ಚಾವಿ ಮಾತ್ರ ಮಿಸ್ತ್ರಿ ಬಂದು ಬ್ರೇಕ್ ಸರಿ ಮಾಡಿದ ಮೇಲೇ ಕೊಡೂದು" ಎಂದು ಹೇಳಿ ಮುಂದಿನ ಚಕ್ರಕ್ಕೆ ಒರಗಿ ಕುಳಿತೆ. ಪೊಲೀಸರನ್ನು ಕರೆಸುತ್ತೇನೆ ಎಂದು ಅವರು ಗದರಿದರು.

"ಕರೆಸಿ. ಬ್ರೇಕ್ ಅವ್ರೂ ಒತ್ತಿ ನೋಡ್ಲಿ" ಎಂದೆ. ಒಳಗೆ ಹೆದರಿಕೆ ಇದ್ದದ್ದು ನಿಜ. ಆದರೆ ಮಾತು ಕೇಳಿಸಿಕೊಂಡ ಕೂಲಿಯವರು ಒಬ್ಬೊಬ್ಬರಾಗಿ ಇಳಿದು ಬಂದು ನನ್ನ ಪಕ್ಕದಲ್ಲೇ ಕುಳಿತರು. ಕೊನೆಗೆ ಸಾಹುಕಾರರೇ ಹೇಳಿಕಳಿಸಿ, ಮಧ್ಯಾಹ್ನ ಮಿಸ್ತ್ರಿ ಬಂದ. ಅವನ ಕೆಲಸ ಮುಗಿದ ಮೇಲೆ ನಾನೇ ಬ್ರೇಕ್ ಒತ್ತಿ ನೋಡಿ, ಚಾವಿ ಕೊಟ್ಟು ನಡೆದೆ.

ಆಮೇಲೆ ಆ ಊರಿನಲ್ಲಿ ಯಾರೂ ನನಗೆ ಲಾರಿ ಕೊಡಲಿಲ್ಲ. ಶಿರಸಿಗೆ ಬಂದು ಸೈಕಲ್ಲುಗಳಿಗೆ ಪಂಕ್ಚರ್ ಹಾಕಿ ಸಂಸಾರ ನಡೆಸಿದೆ. ತಪ್ಪಾಯಿತು ಎಂದು ಹೇಳಿದರೆ ಸಾಹುಕಾರರು ಮತ್ತೆ ಸೇರಿಸಿಕೊಳ್ಳುತ್ತಾರೆ ಎಂದು ಕೆಲವರು ಬುದ್ಧಿ ಹೇಳಿದರು. ನಾನು ಹೇಳಲಿಲ್ಲ, ಇವತ್ತಿಗೂ ಹೇಳುವುದಿಲ್ಲ.